ಒಂದೂವರೆ ಡಿಗ್ರಿ

ಮಾಚೇನಹಳ್ಳಿಯ ಫೌಂಡ್ರಿ. ಸೆಕೆಂಡ್ ಶಿಫ್ಟಿಗೆ ಮುಂಚೆ
ಕ್ಯಾಂಟೀನಿನ ಗೋಡೆಗೆ ಬಿಳಿಪಂಚೆ ಕಟ್ಟಿ
ಇಂಚರ ಎಂಬ ಹುಡುಗಿ ಹೇಳುತ್ತಿದ್ದಳು:
ಭೂಮಿ ಒಂದೂವರೆ ಡಿಗ್ರಿ ಬಿಸಿಯಾದರೆ ಕಷ್ಟ.

ನಾವು ನಕ್ಕೆವು. ತಪ್ಪು ತಿಳಿಯಬೇಡಿ,
ಸಾವಿರದ ನಾನೂರರಲ್ಲಿ ಕರಗಿದ ಕಬ್ಬಿಣವನ್ನು
ದಿನಕ್ಕೆ ನಲವತ್ತು ಸಲ ಹೊತ್ತು ಸುರಿಯುವವರು,
ಹುಬ್ಬು ಸುಟ್ಟು ಮತ್ತೆ ಬೆಳೆದವರು.
'ಒಂದೂವರೇನಾ ಮೇಡಂ? ಅಷ್ಟಕ್ಕೆ ಟೀ ಕೂಡ ಬಿಸಿಯಾಗಲ್ಲ'
ಅಂದ ಲ್ಯಾಡಲ್ ಹಿಡಿಯುವ ಸೆಲ್ವಕುಮಾರ.
ಅವಳ ಮುಖ ಕೆಂಪಾಯಿತು. ಪಂಚೆಯ ಮೇಲೆ
ಹಿಮಕರಡಿಯೊಂದು ತೇಲುತ್ತಲೇ ಇತ್ತು,
ಬಾಕಿ ಸಂಬಳ ಕೇಳಲು ಬಂದು ನಿಂತವನ ಹಾಗೆ.

ಆಗ ಎದ್ದವರು ಅಮೀರ್‌ಜಾನ್ ಸಾಬರು.
ಮೌಲ್ಡಿಂಗಿನಲ್ಲಿ ಮೂವತ್ತೊಂದು ವರ್ಷ. ಮಾತು ಕಮ್ಮಿ.
ಹೊರಗೆ ಹೋಗಿ ಒಂದು ಹಿಡಿ ಕರಿಮರಳು ತಂದು
ಅವಳ ಅಂಗೈಯಲ್ಲಿಟ್ಟು 'ಮುಚ್ಚಿ' ಅಂದರು.
ಮುಚ್ಚಿದಳು. 'ಬಿಡಿ.'
ಬೆರಳಿನ ಗುರುತು ಹೊತ್ತು ಗಟ್ಟಿ ಕೂತಿತ್ತು ಮರಳು.

'ಇದಕ್ಕೆ ನೀರು ನೂರಕ್ಕೆ ಮೂರೂವರೆ ಪಾಲು.
ನಾಲ್ಕೂವರೆ ಆಯ್ತು ಅನ್ಕೊಳಿ, ಕಣ್ಣಿಗೆ ಕಾಣಲ್ಲ,
ಎರಕದ ಹೊಟ್ಟೆತುಂಬ ಗುಳ್ಳೆ.
ಎರಡೂವರೆಗೆ ಇಳೀತು, ಅಚ್ಚಿನ ಅಂಚು ಉದುರುತ್ತೆ.
ಅಷ್ಟೊಂದು ಬೆಂಕಿ ತಡಿಯೋ ಅಚ್ಚು
ಒಂದೇ ಒಂದು ಪಾಲಿಗೆ ಕೆಡುತ್ತೆ.
ಕರಡಿ ಬಿಟ್ಟು ಇದನ್ನ ಹೇಳ್ಬೇಕಿತ್ತು ನೀವು.'

ಯಾರೂ ನಗಲಿಲ್ಲ.
ನನಗೆ ನೆನಪಾದದ್ದು, ನೈಟ್ ಶಿಫ್ಟು ಮುಗಿಸಿ
ಶೀಟಿನ ಮನೆಯಲ್ಲಿ ಹಗಲು ಮಲಗುವುದು;
ಈಚೆಗೆ ಮಾರ್ಚಿಗೇ ನಿದ್ದೆ ಹತ್ತುವುದಿಲ್ಲ,
ಹೆಂಡತಿ ಗೋಣಿಚೀಲ ನೆನೆಸಿ ಮಾಡಿನ ಮೇಲೆ ಹಾಸುತ್ತಾಳೆ,
ಟ್ಯಾಂಕರ್ ಬಂದ ದಿನ ಮಾತ್ರ.
ಹೋದ ಏಪ್ರಿಲ್‌ನಲ್ಲಿ ಫೆಟ್ಲಿಂಗಿನ ಹಾಲೇಶ ಬಿದ್ದದ್ದು,
ರಿಜಿಸ್ಟರಿನಲ್ಲಿ 'ತಲೆಸುತ್ತು' ಅಂತ ಬರೆದು
ಅರ್ಧ ದಿನದ ಕೂಲಿ ಮುರಿದದ್ದು.
ನೂರಕ್ಕೆ ಮೂರೂವರೆ.
ನಮಗೂ ಒಂದು ಹದ ಇದೆಯಲ್ಲ.

ಸೆಲ್ವಕುಮಾರ ಮತ್ತೆ ಕೇಳಿದ, ಈ ಸಲ ನಗದೆ:
'ಹಂಗಾದ್ರೆ ಫರ್ನೇಸ್ ಆರಿಸಿ ಅಂತೀರಾ?
ನಮ್ಮನೆ ಒಲೆ?'
ಅವಳು ಮರಳು ಹಿಡಿದೇ ನಿಂತಿದ್ದಳು.
'ಗೊತ್ತಿಲ್ಲ' ಅಂದಳು.
ಅಷ್ಟು ಹೊತ್ತಿನಿಂದ ಅವಳಾಡಿದ್ದರಲ್ಲಿ
ನಮಗೆ ಪೂರ್ತಿ ಅರ್ಥವಾದ ಮಾತು ಅದು.

ಸೈರನ್ ಕೂಗಿತು. ಸಾಬರು ಕೈ ಒರೆಸುತ್ತ,
'ಬರೋ ಗುರುವಾರ ಬನ್ನಿ. ಥರ್ಮಾಮೀಟರ್ ಇದ್ರೆ ತನ್ನಿ.
ಫರ್ನೇಸಿಗಿದೆ. ನಾವು ನಿಲ್ಲೋ ಜಾಗಕ್ಕೆ ಇಲ್ಲ.'

ಅವಳು ಆ ಉಂಡೆಯನ್ನು ಎಸೆಯಲಿಲ್ಲ,
ಖಾಲಿ ಟಿಫನ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.
'ನಿದಿಗೆ ದಾಟೋದ್ರೊಳಗೆ ಪುಡಿಯಾಗುತ್ತೆ' ಅಂದ ಸೆಲ್ವ,
ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ,
ಬಸ್ಸು ಹೋದ ಕಡೆಗೇ ನೋಡುತ್ತ.