ಇಪ್ಪತ್ತೊಂದನೆಯದು

ತುರ್ಕುವಿನಲ್ಲಿ ನವೆಂಬರು; ಮೂರೂವರೆಗೇ ದೀಪ.
ನೆಲಮಾಳಿಗೆಯಲ್ಲಿ ಇರ್ಮೆಲಿ ಚಿಮುಟದಿಂದ ಎತ್ತಿಡುತ್ತಾಳೆ
ಸಕ್ಕರೆ ತುಂಡಿನಷ್ಟು ಗಾಜು,
ಮೈಯೆಲ್ಲ ತೂತು.

ಹೋದ ವಾರ ಇದು ಸ್ಪಂಜು.
ಗಾಜಿನ ಕೆಸರಲ್ಲಿ ಅದ್ದಿ ಕುಲುಮೆಗಿಟ್ಟಳು.
ಸ್ಪಂಜು ಉರಿದುಹೋಯಿತು,
ಗಾಜು ಅದರ ಆಕಾರ ಬಿಡಲಿಲ್ಲ.

ಯಂತ್ರ ಇಳಿಯುತ್ತದೆ,
ನಿಮಿಷಕ್ಕೆ ಅರ್ಧ ಮಿಲಿಮೀಟರು.
ಟಿಕ್. ಒಂದು ಎಳೆ.
ತಡೆದು, ಮತ್ತೊಂದು.
ಪರದೆಯ ಗೆರೆಗೆ ಗರಗಸದ ಹಲ್ಲು ಮೂಡುತ್ತವೆ,
ಆಮೇಲೆ ಪುಡಿ.
ಬ್ರಷ್ಷಿನಿಂದ ಗುಡಿಸಿ ಬರೆಯುತ್ತಾಳೆ: ಸಾಲದು.

ತೂತು ಕಡಿಮೆ ಮಾಡಿದರೆ ಗಟ್ಟಿ, ಗೊತ್ತು.
ಆದರೆ ನೆತ್ತರು ಯಾವ ದಾರಿಯಲ್ಲಿ ಬರಬೇಕು?
ಮುಚ್ಚಿದ ಗೋಡೆಯೊಳಗೆ ಎಲುಬು ಮೊಳೆಯುವುದಿಲ್ಲ.

ಅವಳಪ್ಪ ಗಾಜು ಊದುತ್ತಿದ್ದ.
ಹೂಜಿಯಲ್ಲಿ ಒಂದೇ ಗುಳ್ಳೆ ಕಂಡರೂ
ಒಡೆದು ಕುಲುಮೆಗೆ ಎಸೆಯುತ್ತಿದ್ದ, ಬೈಯುತ್ತ.
ಇದನ್ನು ನೋಡಿದ್ದರೆ
ಮಗಳನ್ನೂ ಬೈಯುತ್ತಿದ್ದ.

ಗೂಡಿನಲ್ಲಿ, ಮೈಬಿಸಿಯ ಉಪ್ಪುನೀರಿನಲ್ಲಿ
ಇದರ ಒಡಹುಟ್ಟುಗಳು ನೆನೆಯುತ್ತಿವೆ.
ವಾರ ಕಳೆದಂತೆ ಬಿಳಿ ಚರ್ಮ, ವಾರ ಕಳೆದಂತೆ ಬಲ ಕಡಿಮೆ.
ಸೋಲುವುದೇ ಇದರ ಕಸುಬು;
ಬೇಗ ಸೋಲಬಾರದು, ಅಷ್ಟೆ.

ಹಡಗುಕಟ್ಟೆಯ ಉರ್ಪೊ, ಮೊಣಕಾಲ ಕೆಳಗೆ
ಬೆರಳು ತೂರುವಷ್ಟು ಟೊಳ್ಳು ಇರುವವನು,
ಒಮ್ಮೆ ಮೆಟ್ಟಿಲಿಳಿದು ಬಂದು ಕೇಳಿದ್ದ,
ಊರುಗೋಲು ಗೋಡೆಗೆ ಒರಗಿಸಿ:
ಎಷ್ಟು ದಿನ ತಡೆಯುತ್ತೆ ಇದು?

ನಿನ್ನದು ಬರುವವರೆಗೆ ಅನ್ನಬಹುದಿತ್ತು.
ಅನ್ನಲಿಲ್ಲ. ಅಳೆಯದ್ದನ್ನು ಅವಳು ಆಡುವುದಿಲ್ಲ.
ಕಾಫಿ ಕೊಟ್ಟಳು. ಇಬ್ಬರೂ ಸುಮ್ಮನೆ ಕುಡಿದರು.

ಚಿಮುಟದಲ್ಲೀಗ ಇಪ್ಪತ್ತೆರಡನೆಯದು.
ಕಿಟಕಿಯಾಚೆ ಯಾರೋ ಮಂಜಿನ ಮೇಲೆ
ಮರಳು ಚೆಲ್ಲುತ್ತಿದ್ದಾರೆ.
ಉಸಿರು ಹಿಡಿದು ಇಡುತ್ತಾಳೆ.