ಪಾಳಿ

ಹತ್ತ ಬೆರಳು, ಎಲ್ಲಾಕ್ಕೂ ಹೆಸರಿಟ್ಟಾಳ.
ಹೆಬ್ಬೆರಳು ಅಪ್ಪ. ಅದರ ಬಾಜೂಕಿಂದು ನಾನು.
ನಡುವಿನ ಉದ್ದಂದು ಬಾಗಲಕೋಟಿ ಡಾಕ್ಟರಬಾಯಿ,
ಉಂಗುರದ್ದು ಆಯಿ.
ಕಿರುಬೆರಳು ಮಾತ್ರ ತಂದಂತ, ಮುಟ್ಟಾಂಗಿಲ್ಲ.
ಮುಂಜಾನೆ ಎದ್ದ ಕೂಡ್ಲೆ ಸಂಪದಾ ಕೇಳ್ತಾಳ,
"ಇವತ್ತ ಯಾರ ಪಾಳಿ?"
ಮೂರು ತುಂಬಿಲ್ಲ ಇನ್ನೂ. ರಗತ ಬಂದ್ರ ಅಳೂದಿಲ್ಲ,
ಹನಿ ಸಣ್ಣದಾದ್ರ ತಾನ ಹಿಂಡಿ ಕೊಡ್ತಾಳ.
ಅದಕ್ಕ ನನಗ ಅಳು ಬರತೈತಿ.

ಮೊದಲ ಹೇಳಿದ್ದು ಇರುವಿ.
ಉಚ್ಚಿ ಹೊಯ್ದ ಕೌದಿಗೆ ಸಾಲಗಟ್ಟಿ ಬಂದ್ವು.
ನಾವು ಅರಿಷಿಣ ಉದುರಿಸಿ ಮಲಗಿದ್ವಿ.

ಫ್ರಿಜ್ ಇಲ್ಲ. ಗಡಿಗಿಯೊಳಗೊಂದು ಗಡಿಗಿ,
ನಡುವ ಹಸಿ ಉಸುಕು,
ಒಳಗ ಅರಿವಿ ಸುತ್ತಿದ ಇನ್ಸುಲಿನ್ ಬಾಟ್ಲಿ.
ಅತ್ತಿ ಶಾವಂತ್ರೆವ್ವ ಮನಿ ದೇವರಿಗಿಂತ ಮೊದಲ
ಅದರ ಉಸುಕಿಗೆ ನೀರ ಹಾಕ್ತಾಳ.

ಮೊನ್ನೆ ಸೂಜಿ ಮಾಡಿದ ಮ್ಯಾಲೆ
ತಾಟಿನ ಮುಂದ ಕುಂತು "ಒಲ್ಲೆ" ಅಂದ್ಲು.
ಒಂದೂವರಿ ಯುನಿಟ್ ಮೈಯಾಗ ಹೋಗೇತಿ,
ಹೊರಗ ತಗಿಯಾಕ ಬರೂದಿಲ್ಲ.
ಅತ್ತಿ ಬೆಕ್ಕಾದ್ಲು, ಮಂಗ್ಯಾ ಆದ್ಲು.
ಬಾಜೂ ಮನಿ ಬೀಬಿಜಾನ ತನ್ನ ಟಗರಮರಿ
ಎತ್ತಿಕೊಂಡ ಬಂದ್ಲು:
ಅದಕ್ಕೊಂದ ತುತ್ತು, ಇಕಿಗೊಂದ ತುತ್ತು.
ಅರ್ಧ ರೊಟ್ಟಿ ಟಗರಿನ ಹೊಟ್ಟ್ಯಾಗ ಹೋತು.
ಡಾಕ್ಟರಬಾಯಿ ಕೊಟ್ಟ ವಹಿಯಾಗ
ಅದನ್ನ ಯಾವ ಮನ್ಯಾಗ ಬರೀಲಿ?
ಈಗ ಮೊದಲ ಉಣಸೂದು, ಆಮ್ಯಾಲೆ ಸೂಜಿ.

ಅವರು ರಾತ್ರಿ ಪಾಳಿಗೆ ಹ್ವಾದ್ರ
ಮೂರು ಗಂಟೇದ ಪಾಳಿ ನಂದು.
ಗ್ವಾಡಿ ಆಚೆ ಬನಹಟ್ಟಿ ಬಡಕೋತಿರತೈತಿ.
ಎಳಿ ಹರದ್ರ ಮಗ್ಗ ತಾನ ನಿಂದರತೈತಿ,
ಅವರ ಮಗ್ಗದ ಸಪ್ಪಳ ತಪ್ಪಿದ್ದು ನನಗ ನಿದ್ದ್ಯಾಗೂ ಗೊತ್ತು.
ಇಕಿಯೊಳಗ ಎಳಿ ಹರದ್ರ ಏನೂ ಕೇಳೂದಿಲ್ಲ.
ಕುತಗಿಗೆ ತಣ್ಣನ ಬೆವರು, ಅಷ್ಟ.

ಮೊಬೈಲ್ ಬೆಳಕಿನ್ಯಾಗ ಅಪ್ಪನ್ನ ಹುಡುಕಿ ಚುಚ್ಚತೀನಿ.
ಐವತ್ತೆರಡು.
ಹಗಲೆಲ್ಲಾ ನುಚ್ಚಿನ ಡಬ್ಬಿ ಹಿಂದ ಮುಚ್ಚಿಟ್ಟ ಸಕ್ಕರಿ
ಕತ್ತಲಾಗ ತಾನ ಕೈಗೆ ಬರತೈತಿ.
ನೀರಾಗ ಕದಡಿ ಬೆರಳಿಲೆ ವಸಡಿಗೆ ಹಚ್ಚತೀನಿ,
ನಿದ್ದಿಗಣ್ಣಾಗ ಚೀಪತಾಳ
ಬಿಟ್ಟು ವರ್ಷಾದ ಎದಿಹಾಲು ನೆನಸಿ.

ಹದಿನೈದು ಮಿನಿಟು.
ಮತ್ತೊಮ್ಮೆ ನೋಡಬೇಕು.
ಅಪ್ಪ ದಣದಾನ, ನನ್ನ ಬೆರಳ ತುಂಬ ಕಲಿ.
ಕಿರುಬೆರಳು ಮೆತ್ತಗ, ಬೆಣ್ಣಿಯಂಗ,
ಆಕೀಗೆ ಹೆಂಗ ಗೊತ್ತಾಗಬೇಕು?
ಹಿಡದೆ.
ಬಿಟ್ಟೆ.
ಆಯೀ, ತಪ್ಪ ತಿಳೀಬ್ಯಾಡ,
ಇದೊಂದು ಪಾಳಿ ನಿಂದು.