ಮನೆಯಿಲ್ಲದ ಬಾಗಿಲು

ಟೊಲಿಡೊದ ಲಗ್ರೇಂಜ್ ಬೀದಿಯಲ್ಲಿ, ಶನಿವಾರ,
ಝಿಗ್ಮಂಟ್ ಮಾವನ ಸಾಮಾನೆಲ್ಲ ಹುಲ್ಲಿನ ಮೇಲೆ ಹರವಿದ್ದೇನೆ.
ಮೇಜಿಗೆ ಬೆಲೆಚೀಟಿ, ಕುರ್ಚಿಗೆ ಬೆಲೆಚೀಟಿ,
ಅತ್ತೆಯ ಪಿಂಗಾಣಿಗೆ ಹತ್ತು ಡಾಲರು, ಚೌಕಾಸಿ ಉಂಟು.
ಇದಕ್ಕೆ ಮಾತ್ರ ಏನು ಬರೆಯಲಿ?

ಚೌಕಟ್ಟು, ಚಿಲಕ, ತಿರುಗಣಿ, ಕದ.
ನನ್ನ ಎದೆಮಟ್ಟ. ಅಡಿಗೆ ನಾಲ್ಕು ಚಕ್ರ.
ಈಚೆ ಹುಲ್ಲು. ತೆರೆದರೆ ಆಚೆಯೂ ಹುಲ್ಲು.
‘ಉಳಿದ ಮನೆ ಎಲ್ಲಿ?’ ಅಂದ ಪಕ್ಕದ ಮನೆಯ ಹುಡುಗ.

ಮನೆಯೇ ಇರಲಿಲ್ಲ ಕಣೋ.
ಅಥವಾ ಎಷ್ಟಿದ್ದವೆಂದರೆ ಲೆಕ್ಕ ಇಡಲಾಗಲಿಲ್ಲ.
ನಲವತ್ತೊಂದರಿಂದ ಹದಿಮೂರು ವರ್ಷ,
ಗುರುವಾರ ರಾತ್ರಿ ಎಂಟಕ್ಕೆ, ರೇಡಿಯೋ ಸ್ಟೇಷನ್ನಿನ ಮೂರನೇ ಮಾಳಿಗೆಯಲ್ಲಿ
ಕೊಲೆಗಾರರು, ಸಾಲ ವಸೂಲಿಯವರು,
ಸತ್ತರೆಂದು ತಂತಿ ಬಂದಮೇಲೂ ಬಂದ ಗಂಡಂದಿರು
ಒಳಗೆ ಕಾಲಿಟ್ಟದ್ದು ಇದರಿಂದಲೇ.

ಕಾಲಾದರೂ ಎಲ್ಲಿತ್ತು? ಮಾವ ಎರಡು ಕೈಗೆ ಎರಡು ಷೂ ತೊಟ್ಟು
ಹಲಗೆಯ ಮೇಲೆ ಅವರನ್ನು ನಡೆಸುತ್ತಿದ್ದ.
ಹಿಮಕ್ಕೆ ಜೋಳದ ಹಿಟ್ಟಿನ ಚೀಲ.
ಕಾಡ್ಗಿಚ್ಚಿಗೆ ಮಿಠಾಯಿ ಕಾಗದ, ಮೈಕಿನ ಹತ್ತಿರ ಮುದುರಿ.
ಮುರಿಯುವ ಮೂಳೆಗೆ ಸೆಲರಿ ದಂಟು,
ಉಳಿದದ್ದು ಅತ್ತೆಯ ಸೂಪಿಗೆ.
ಕುದುರೆಗೆ ತೆಂಗಿನ ಕರಟ. ತೆಂಗಿನ ಮರವನ್ನು
ಸಾಯುವ ತನಕ ಅವನು ಕಂಡಿರಲಿಲ್ಲ.
ಕುದುರೆಯನ್ನು ಕಂಡದ್ದು ಒಂದೇ ಸಲ, ಒದೆಸಿಕೊಂಡಿದ್ದ.

ನಲವತ್ತೇಳರಲ್ಲಿ ಫಿಂಡ್ಲೆ ಊರಿನಿಂದ ಒಂದು ಕಾರ್ಡು.
ಆರ್ಡಿತ್ ಎಂಬವಳು, ಒಂಬತ್ತಕ್ಕೆ ಕಣ್ಣು ಕಳೆದುಕೊಂಡವಳು,
ತಂಗಿಯ ಕೈಲಿ ಬರೆಸಿದ್ದಳು:
‘ಕೊಲೆ ಯಾರು ಮಾಡಿದರೂ ನನಗೆ ಅಷ್ಟಕ್ಕಷ್ಟೆ.
ಆ ಬಾಗಿಲಿನ ಬಣ್ಣ ಯಾವುದು, ತಿಳಿಸಿ.’
ಬಣ್ಣವೇ ಇರಲಿಲ್ಲ. ಬರೀ ಪೈನ್ ಹಲಗೆ.
ಮಾವ ‘ಹಸಿರು’ ಎಂದು ಬರೆದು ಅಂಚೆಗೆ ಹಾಕಿದ.
ಆಮೇಲೆ, ಸುಳ್ಳಾಗಬಾರದೆಂದು,
ರಾತ್ರಿಯೆಲ್ಲ ಕೂತು ಬಳಿದ.
ಮುಂದಿನ ಗುರುವಾರ ಕದ ಕೊಂಚ ಬಿಗಿಯಿತು,
ಕಿರುಗುಡುವುದು ಅರ್ಧ ಸೆಕೆಂಡು ತಡ. ನಿರ್ದೇಶಕ ಬೈದ.
ಆರ್ಡಿತ್ ಮತ್ತೆ ಬರೆಯಲಿಲ್ಲ.

ಆಮೇಲೆ ಮನೆಮನೆಗೆ ಟಿವಿ ಬಂತು.
ಬಣ್ಣ ಕೇಳುವವರಿಲ್ಲ, ಕಾಣುತ್ತಿತ್ತಲ್ಲ:
ಬೂದು. ಎಲ್ಲರ ಮನೆಯಲ್ಲೂ ಅದೇ ಬೂದು.
ಮಾವ ಗಾಜಿನ ಕಾರ್ಖಾನೆ ಸೇರಿದ.
ನಾನು ಆ ಪೆಟ್ಟಿಗೆಯ ಮುಂದೆ ಬೆಳೆದವನು, ಅದನ್ನು ಬೈಯಲಾರೆ.
ಆರಿಸಿದ ಮೇಲೂ ನಟ್ಟನಡುವೆ ಒಂದು ಬಿಳಿ ಚುಕ್ಕಿ
ಹೋಗಲೋ ಬೇಡವೋ ಎಂದು ನಿಲ್ಲುತ್ತಿತ್ತು.
ಅದನ್ನು ನೋಡುತ್ತ ನಿದ್ದೆ ಹೋಗುತ್ತಿದ್ದೆ.
ಈಗಿನವು ಒಮ್ಮೆಲೇ ಕಪ್ಪಾಗುತ್ತವೆ.

ಮಧ್ಯಾಹ್ನ ಒಬ್ಬಳು ಬಂದಳು. ಕೋಳಿಗೂಡಿಗೆ ಬೇಕಂತೆ.
ಆರು ಡಾಲರಿಗೆ ಕೊಟ್ಟೆ.
‘ತಿರುಗಣಿಗೆ ಎಣ್ಣೆ ಬಿಡಬೇಡಿ’ ಅಂದೆ.
ಯಾಕೆಂದು ಕೇಳಲಿಲ್ಲ, ಕೇಳಿದ್ದರೆ ಸಂಜೆಯಾಗುತ್ತಿತ್ತು.
ರೈಲು ಹಳಿ ದಾಟುವಾಗ ಪಿಕಪ್ ಕುಲುಕಿತು.
ಹಗ್ಗ ಸಡಿಲಿ, ಹಿಂದೆ ನಿಲ್ಲಿಸಿದ್ದ ಕದ
ತೆರೆದುಕೊಂಡಿತು, ನಿಧಾನ, ಅರ್ಧ ಸೆಕೆಂಡು ತಡವಾಗಿ.

ಬೀದಿಯಲ್ಲಿ ನರಪಿಳ್ಳೆ ಇಲ್ಲ.
ಚಿಲ್ಲರೆ ಎಣಿಸುತ್ತಿದ್ದ ನಾನು
ಯಾರು ಬಂದರೆಂದು ತಲೆಯೆತ್ತಿದೆ.